ಗಾಳಿ ಬಾರದ ನಾಲ್ಕು ಮಗ್ಗ

"ಇಲ್ಲಿ ಐದು ನಿಮಿಷ ಕೂತ್ಕಳಿ ಸಾರ್, ಆಮೇಲೆ ಏನ್ ಕೇಳ್ಬೇಕೋ ಕೇಳೀರಂತೆ," ಎಂದು ನರಸಕ್ಕ ತನ್ನ ಸ್ಟೂಲನ್ನು ಸೆರಗಿನಿಂದ ಒರೆಸಿ ಸಬ್ ಇನ್ಸ್‌ಪೆಕ್ಟರ್ ಓಬಳೇಶಪ್ಪನ ಮುಂದೆ ತಳ್ಳಿದಳು.

ಓಬಳೇಶಪ್ಪ ಕೂತ. ಐದು ನಿಮಿಷ ಬೇಕಾಗಲಿಲ್ಲ. ಎರಡನೆಯ ನಿಮಿಷಕ್ಕೇ ಖಾಕಿ ಅಂಗಿ ಬೆನ್ನಿಗೆ ಅಂಟಿತು. ಮೂರನೆಯದಕ್ಕೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಎದುರಿನ ಮಗ್ಗದ ಪಕ್ಕ ಯಾರೋ ಒದ್ದೆ ಗೋಣಿಚೀಲ ತೂಗುಹಾಕಿದ್ದರು, ಅದೂ ಅರ್ಧ ಒಣಗಿತ್ತು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ ಹಾಸಿನಲ್ಲಿ ಒಂದು ಎಳೆ ಟಪ್ಪೆಂದು ಹರಿಯಿತು. ನರಸಕ್ಕ ಮಗ್ಗ ನಿಲ್ಲಿಸಿ, ತುದಿಗಳನ್ನು ಹುಡುಕಿ ಗಂಟು ಹಾಕಿ ಮತ್ತೆ ಶುರು ಮಾಡುವಷ್ಟರಲ್ಲಿ ಪಕ್ಕದ ಮಗ್ಗ ನಿಂತಿತು.

ಅದೇ ಶೆಡ್ಡಿನ ಆ ತುದಿಯಲ್ಲಿ, ಆಫೀಸಿನ ಗಾಜಿನ ಪಕ್ಕದ ಮಗ್ಗಗಳ ಹೆಂಗಸರು ಸ್ವೆಟರ್ ಹಾಕಿಕೊಂಡು ಕಿವಿಗೆ ಮಫ್ಲರ್ ಸುತ್ತಿ ನೇಯುತ್ತಿದ್ದರು. ಹೊರಗೆ ಮೇ ತಿಂಗಳ ಬಿಸಿಲಿಗೆ ಹಿಂದೂಪುರದ ಬೀದಿಯ ಡಾಂಬರು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು.

ಮಿಲ್ಲಿನ ಮದುವೆ ಸೀರೆಯ ಸೆರಗಿನ ರಟ್ಟುಗಳು ಬೀಗ ಹಾಕಿದ ಡಿಸೈನ್ ರೂಮಿನಿಂದ ಮಾಯವಾಗಿ ಅಂದಿಗೆ ಒಂಬತ್ತು ದಿನ. ತೂತು ಹೊಡೆದ ರಟ್ಟುಗಳನ್ನು ದಾರದಲ್ಲಿ ಹೆಣೆದ ಉದ್ದನೆಯ ಸರ ಅದು. ಅದನ್ನು ಮಗ್ಗದ ನೆತ್ತಿಗೆ ಏರಿಸಿದರೇನೇ ಸೆರಗಿನ ಹೂವು ಬಳ್ಳಿ ಮೂಡುವುದು. ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಮ್ಯಾನೇಜರ್ ಶಿವಯೋಗಪ್ಪ ಆ ದಿನ ಊರಲ್ಲಿರಲಿಲ್ಲ. ಉಳಿದವರು ಡಿಸೈನ್ ಮಾಸ್ಟರ್ ಶಂಕರಯ್ಯ, ಕಲ್ಯಾಣದುರ್ಗದವರು, ಅರವತ್ತೆರಡು ವಯಸ್ಸು. ಊರಿನ ಮನೆಯಲ್ಲೇ ಪೊಲೀಸ್ ಕಾವಲಿನಲ್ಲಿದ್ದ ಅವರು ಕೇಳಿದ ಯಾವ ಪ್ರಶ್ನೆಗೂ ಬಾಯಿ ಬಿಟ್ಟಿರಲಿಲ್ಲ. ರಟ್ಟುಗಳನ್ನು ಬೆಂಗಳೂರಿನಲ್ಲಿ ಮಾರಿಬಿಟ್ಟರೆಂದು ಮ್ಯಾನೇಜರ್ ದೂರು ಕೊಟ್ಟಿದ್ದ. ಸೋಮವಾರ ಬೆಳಿಗ್ಗೆ ಅವರನ್ನು ಕೋರ್ಟಿಗೆ ಹಾಜರುಪಡಿಸಬೇಕೆಂದು ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರ ಅಪ್ಪಣೆಯಾಗಿತ್ತು. ಇವತ್ತು ಶನಿವಾರ.

ಓಬಳೇಶಪ್ಪನಿಗೆ ಲಾಳಿ ಹಿಡಿಯುವುದನ್ನು ಕಲಿಸಿದವರು ಇದೇ ಶಂಕರಯ್ಯ. ಅದನ್ನು ಅವನು ಸ್ಟೇಷನ್ನಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಕೇಸು ಇನ್ನೊಬ್ಬರ ಕೈಗೆ ಹೋಗುತ್ತಿತ್ತು.

"ಇಷ್ಟು ಸೆಕೆ ಯಾವಾಗಿಂದ?" ಎಂದು ನರಸಕ್ಕನನ್ನು ಕೇಳಿದ.

ಒಂಬತ್ತು ದಿನದಿಂದ ಎಂದಳು ಅವಳು. ಈ ಪಡುವಣದ ನಾಲ್ಕು ಮಗ್ಗಕ್ಕೆ ಮಾತ್ರ. ದಿನಾ ದೂರಿನ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ್ದಾಳಂತೆ. ಮ್ಯಾನೇಜರ್ ಅದರ ಕೆಳಗೆ ಕೆಂಪು ಇಂಕಿನಲ್ಲಿ 'ಕೆಲಸಗಳ್ಳರ ನೆಪ' ಎಂದು ಬರೆದನಂತೆ. ಬೇರೆಯವರು ಓದಿ ಹೇಳಿದ ಮೇಲೆ ಅವಳು ಹೆಬ್ಬೆಟ್ಟು ಒತ್ತುವುದನ್ನೂ ಬಿಟ್ಟಳು.

ಒಂಬತ್ತು ದಿನ ಎಂಬುದು ಓಬಳೇಶಪ್ಪನ ಕಿವಿಯಲ್ಲಿ ಕೂತಿತು.

ಇದು ಎಂಬತ್ತಾರನೇ ಇಸವಿಯ ಮಾತು. ಈಗಿನವರಿಗೆ ನಗು ಬರಬಹುದು, ಆಗ ಹಿಂದೂಪುರದಲ್ಲಿ ಎ.ಸಿ. ಎಂದರೆ ಜನ ನೋಡಲು ಬರುತ್ತಿದ್ದರು. ರೇಷ್ಮೆಗೆ ಒಂದೇ ಸಮನಾದ ತಂಪು ಬೇಕೆಂದು ಯಾರೋ ತಲೆಗೆ ತುಂಬಿದ್ದೇ ತಡ, ಮಿಲ್ಲಿನ ಸಾಹುಕಾರರು ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಟಾಕೀಸಿನಿಂದ ಇಡೀ ಪ್ಲಾಂಟನ್ನೇ ಕೀಳಿಸಿ, ಮೂರು ಲಾರಿಗಳಲ್ಲಿ ಕೊಡಿಕೊಂಡ ಚೆಕ್‌ಪೋಸ್ಟು ದಾಟಿಸಿ ತಂದರು. ಕಿಟಕಿಗಳಿಗೆಲ್ಲ ಇಟ್ಟಿಗೆ ಕಟ್ಟಿಸಿದರು. ಚಾವಣಿಯ ಕೆಳಗೆ ತಗಡಿನ ಡಕ್ಟು ಎಳೆಸಿದರು. ಮೊದಲ ದಿನ ಮಗ್ಗದ ಹೆಂಗಸರು ಆರತಿ ತಂದು ಡಕ್ಟಿನ ಜಾಲರಿಗೆ ಕುಂಕುಮ ಇಟ್ಟರು. ಟಾಕೀಸಿನ ಯಂತ್ರ ತಾನೇ, ಇಂಟರ್‌ವಲ್ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತದೆ ಎಂದು ನಗಾಡುತ್ತಿದ್ದರು.

ಆ ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ಥರ್ಮೋಸ್ಟಾಟು. ಅಂಗೈಯಗಲದ ಆ ಡಬ್ಬಿ ಆಫೀಸಿನ ಮುಂದಿನ ಕಂಬದ ಮೇಲಿತ್ತು. ಅದಕ್ಕೆ ಸೆಕೆಯಾದರೆ ಪ್ಲಾಂಟು ಓಡುತ್ತದೆ, ಅದಕ್ಕೆ ಚಳಿಯಾದರೆ ಪ್ಲಾಂಟು ಫ್ಯಾನಿನ ಸಮೇತ ನಿಲ್ಲುತ್ತದೆ. ಮನುಷ್ಯರಿಗೆ ಏನಾಗುತ್ತಿದೆ ಎಂದು ಕೇಳುವ ಪದ್ಧತಿ ಅದಕ್ಕಿರಲಿಲ್ಲ.

ಹೀಗಾಗಿ ಜನ ತಮ್ಮ ದಾರಿ ಹುಡುಕಿಕೊಂಡಿದ್ದರು. ಆಫೀಸಿನ ಕಡೆಯ ಸ್ವೆಟರ್ ಪಾರ್ಟಿಯವರು ಯಾರೂ ನೋಡದಾಗ ಆ ಡಬ್ಬಿಯ ಮೇಲೆ ಒದ್ದೆ ಟವಲ್ ಹಾಕುತ್ತಿದ್ದರು. ಡಬ್ಬಿ ತಣ್ಣಗಾಗಿ ಪ್ಲಾಂಟು ನಿಂತು, ಅವರಿಗೆ ಒಂದು ಗಳಿಗೆ ಬೆಚ್ಚಗಾಗುತ್ತಿತ್ತು. ಪಡುವಣದ ಸಾಲಿನವರು ಬಿಸಿ ಟೀ ಲೋಟ ತಂದು ಡಬ್ಬಿಯ ಕೆಳಗೆ ಹಿಡಿಯುತ್ತಿದ್ದರು, ಆಗ ಪ್ಲಾಂಟು ಭರ್ರೆಂದು ಓಡುತ್ತಿತ್ತು. ಆ ಬೇಸಿಗೆ ಪೂರ್ತಿ ಟವಲಿಗೂ ಟೀಗೂ ಯುದ್ಧ ನಡೆದಿತ್ತು, ಟೀ ಪಾರ್ಟಿಗೆ ನರಸಕ್ಕನೇ ಮುಂದಾಳು. ಆದರೆ ಈ ಒಂಬತ್ತು ದಿನದಲ್ಲಿ ಎಷ್ಟು ಟೀ ಹಿಡಿದರೂ ತಮ್ಮ ಕಡೆಗೆ ಗಾಳಿ ಬರಲಿಲ್ಲವೆಂದು ಅವಳು ಹೇಳಿದಳು.

ಓಬಳೇಶಪ್ಪ ಸ್ಟೂಲಿನ ಮೇಲೆ ಹತ್ತಿ ಜಾಲರಿಗೆ ಅಂಗೈ ಹಿಡಿದ. ಪ್ಲಾಂಟಿನ ಸದ್ದು ತಗಡಿನಲ್ಲಿ ಕೇಳುತ್ತಿತ್ತು, ಗಾಳಿ ಮಾತ್ರ ಉಸಿರಿನಷ್ಟೂ ಇರಲಿಲ್ಲ. ಡಕ್ಟು ಎಲ್ಲಿಂದ ಬರುತ್ತದೆಂದು ಕಣ್ಣಿನಲ್ಲೇ ಹಿಂಬಾಲಿಸಿದ. ಅದು ಗೋಡೆ ತೂರಿ ಆಚೆ ಹೋಗಿತ್ತು.

ಗೋಡೆಯ ಆಚೆ ಇದ್ದದ್ದು ಡಿಸೈನ್ ರೂಮು.

ಅವನು ಸುತ್ತು ಬಳಸಿ ಆ ರೂಮಿಗೆ ಹೋದ. ಬಾಗಿಲು ತೆರೆದರೆ ಮುಖಕ್ಕೆ ಚಳಿ ಹೊಡೆಯಿತು. ಒಳಗೆ ಬನಶಂಕರಿ ಸ್ವೆಟರಿನ ಮೇಲೆ ಶಾಲು ಹೊದ್ದು, ರಟ್ಟಿಗೆ ತೂತು ಹೊಡೆಯುವ ಮೆಷಿನ್ನಿನ ಮುಂದೆ ಬೆರಳು ಉಜ್ಜಿಕೊಳ್ಳುತ್ತ ಕೂತಿದ್ದಳು. ಅವಳು ಓಬಳೇಶಪ್ಪನ ಸ್ವಂತ ಅಕ್ಕನ ಮಗಳು. ಎರಡು ವರ್ಷದ ಹಿಂದೆ ಶಂಕರಯ್ಯನವರಿಗೆ ಹೇಳಿ ಈ ಕೆಲಸ ಕೊಡಿಸಿದವನು ಅವನೇ. ಮಿಲ್ಲಿನಲ್ಲಿ ಅವಳು ಅವನನ್ನು ಸಾರ್ ಎನ್ನುತ್ತಿದ್ದಳು. ಹಾಗೆನ್ನಬೇಕೆಂದು ಅವನೇ ಹೇಳಿಕೊಟ್ಟಿದ್ದ.

ಇಲ್ಲಿ ಇಷ್ಟು ಚಳಿ ಮೊದಲೂ ಇತ್ತೇ ಎಂದು ಕೇಳಿದ. ಇರಲಿಲ್ಲ, ಹೋದ ವಾರ ಶುಕ್ರವಾರದಿಂದ ಹೀಗೆ ಎಂದು ಹೇಳಿ ಅವಳು ತಲೆ ತಗ್ಗಿಸಿ ಕೆಲಸಕ್ಕೆ ತೊಡಗಿದಳು.

ಗೋಡೆಯ ಆ ಕಡೆ ಒಂಬತ್ತು ದಿನದಿಂದ ಬೆಂಕಿ, ಈ ಕಡೆ ಒಂಬತ್ತು ದಿನದಿಂದ ಹಿಮ. ನಡುವೆ ಇರುವುದು ಒಂದೇ ಡಕ್ಟು. ಅತ್ತ ಹೋಗಬೇಕಾದ ಗಾಳಿ ಇತ್ತಲೇ ಸುರಿಯುತ್ತಿದೆ ಎಂದರೆ ದಾರಿಯಲ್ಲಿ ಏನೋ ಅಡ್ಡ ಕೂತಿದೆ. ರಟ್ಟಿನ ಸರ ಮಡಿಸಿ ಕಟ್ಟಿದರೆ ತಲೆದಿಂಬಿನಷ್ಟು ಗಂಟಾಗುತ್ತದೆ ಎಂಬುದು ಬೇರೆ ಯಾವ ಸಬ್ ಇನ್ಸ್‌ಪೆಕ್ಟರಿಗೂ ಗೊತ್ತಿರಲಾರದು. ಓಬಳೇಶಪ್ಪ ಅಂಥ ಗಂಟಿನ ಮೇಲೆ ತಲೆಯಿಟ್ಟು ಮಲಗಿದವನು.

ಹೆಡ್ ಕಾನ್‌ಸ್ಟೇಬಲ್ ಆದಿನಾರಾಯಣನನ್ನು ಕಳಿಸಿ ಮ್ಯಾನೇಜರನ್ನು ಕರೆಸಿದ.

ಶಿವಯೋಗಪ್ಪ ಬಿಳಿ ಸಫಾರಿಯಲ್ಲಿ, ಕೈಯಲ್ಲಿ ಒಂದು ಚಾರ್ಟು ಹಿಡಿದೇ ಬಂದ. ಡಕ್ಟು ಬಿಚ್ಚಬೇಕು, ಪ್ಲಾಂಟು ನಿಲ್ಲಿಸಿ ಎಂದು ಓಬಳೇಶಪ್ಪ ಹೇಳಿದ್ದಕ್ಕೆ ಅವನು ಮುಗುಳ್ನಕ್ಕ.

"ಪ್ಲಾಂಟು ನಿಲ್ಲಿಸೋಕೆ ಆಗೋದಿಲ್ಲ ಇನ್ಸ್‌ಪೆಕ್ಟರೇ. ನೋಡಿ, ಎಲ್ಲ ಕಡೆ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್. ಚಾರ್ಟಿನಲ್ಲೇ ಇದೆ."

"ಚಾರ್ಟು ಎಲ್ಲಿ ಕೂತು ಬರ್ದಿದ್ದು?"

"ಆಫೀಸಲ್ಲಿ. ಇನ್ನೆಲ್ಲಿ?"

"ಹಂಗಾದ್ರೆ ಬನ್ನಿ, ನರಸಕ್ಕನ ಸ್ಟೂಲ್ ಮೇಲೆ ಕೂತ್ಕಂಡು ಒಂದ್ಸಲ ಬರೀರಿ."

ಮಗ್ಗಗಳ ಸದ್ದು ಒಂದೊಂದಾಗಿ ತಗ್ಗಿತು. ಎಲ್ಲರೂ ನೋಡುತ್ತಿದ್ದರು. ಮ್ಯಾನೇಜರಿಗೆ ಕೂರದೆ ಗತಿಯಿರಲಿಲ್ಲ. ನಾಲ್ಕು ನಿಮಿಷ ಬಿಗಿಯಾಗಿ ಕೂತ. ಐದನೆಯದಕ್ಕೆ ಕರ್ಚೀಪು ತೆಗೆದ. ಸಫಾರಿಯ ಕಂಕುಳು ಒದ್ದೆಯಾಗಿದ್ದನ್ನು ನೋಡಿ ಯಾರೋ ಹೆಂಗಸು ಕೆಮ್ಮಿದಳು, ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಆದರೆ ಅವನು ಸೋಲುವ ಆಸಾಮಿಯಲ್ಲ. ಎದ್ದು ನಿಂತು, ಡಕ್ಟು ಬಿಚ್ಚಲು ಬೆಂಗಳೂರಿನಿಂದ ಎಂಜಿನಿಯರ್ ಬರಬೇಕು, ಸಾಹುಕಾರರು ಕಾಶಿಗೆ ಹೋಗಿದ್ದಾರೆ, ಬುಧವಾರ ಬರುತ್ತಾರೆ, ಅಲ್ಲಿಯವರೆಗೆ ಯಂತ್ರಕ್ಕೆ ತಾನೇ ಜವಾಬ್ದಾರ ಎಂದ. ನಿಲ್ಲಿಸಿದ ಹೊತ್ತಿಗೆ ಹಾಳಾಗುವ ಹಾಸಿನ ನಷ್ಟಕ್ಕೆಲ್ಲ ಪೊಲೀಸ್ ಇಲಾಖೆ ಹೊಣೆ ಎಂದು ಸರ್ಕಲ್ ಸಾಹೇಬರ ಕೈಯಲ್ಲಿ ಬರೆಸಿಕೊಂಡು ಬನ್ನಿ ಎಂದೂ ಸೇರಿಸಿದ.

"ಬುಧವಾರದ ಹೊತ್ತಿಗೆ ಒಬ್ಬರು ಜೈಲಲ್ಲಿರ್ತಾರೆ," ಎಂದ ಓಬಳೇಶಪ್ಪ.

"ಕಳ್ಳರು ಇರಬೇಕಾದ್ದು ಅಲ್ಲೇ ಅಲ್ಲವೇ?"

ಓಬಳೇಶಪ್ಪ ಮುಷ್ಟಿ ಬಿಗಿಯಾದದ್ದನ್ನು ಟೋಪಿಯ ಕೆಳಗೆ ಮುಚ್ಚಿಕೊಂಡ. ಸರ್ಕಲ್ ಸಾಹೇಬರು ಸಿಗುವುದು ಸೋಮವಾರವೇ. ಶಿವಯೋಗಪ್ಪನಿಗೂ ಅದು ಗೊತ್ತು.

ನರಸಕ್ಕ ಮಗ್ಗ ಬಿಟ್ಟು ಎದ್ದಳು. ಕುಡಿಯುವ ನೀರಿನ ಕೊಳಾಯಿಯ ಹತ್ತಿರ ಹೋಗಿ ಹೆಗಲ ಮೇಲಿನ ಟವಲನ್ನು ನೆನೆಸಿ ಹಿಂಡಿದಳು. ಮುಖ ಒರೆಸಿಕೊಳ್ಳುತ್ತ, ಯಾವ ಅವಸರವೂ ಇಲ್ಲದೆ ಆಫೀಸಿನ ಮುಂದಿನ ಕಂಬದವರೆಗೆ ನಡೆದು, ಒಣಹಾಕುವವಳ ಹಾಗೆ ಅದನ್ನು ಆ ಡಬ್ಬಿಯ ಮೇಲೆ ಹರಡಿದಳು. ಸ್ವೆಟರ್ ಪಾರ್ಟಿಯವರು ಬಾಯಿ ಬಿಟ್ಟುಕೊಂಡು ನೋಡಿದರು. ಟೀ ಪಾರ್ಟಿಯ ಮುಂದಾಳು ಟವಲ್ ಹಾಕಿದ್ದು ಆ ಬೇಸಿಗೆಯಲ್ಲಿ ಅದೊಂದೇ ಸಲ.

ಏಳೆಂಟು ನಿಮಿಷ ಕಳೆಯಿತು. ಪ್ಲಾಂಟು ಒಮ್ಮೆ ಗೊರಕೆ ಹೊಡೆದು ನಿಂತಿತು.

"ತಾನಾಗೇ ನಿಂತೋಯ್ತು ಸಾಮೀ," ಎಂದ ಪ್ಲಾಂಟ್ ಆಪರೇಟರ್ ಲಕ್ಷ್ಮಣಪ್ಪ, ಪರಿಗಿಯವನು, ವರ್ಷವಿಡೀ ಎರಡೂ ಪಾರ್ಟಿಯವರ ಬೈಗುಳ ಕೇಳಿ ಕೇಳಿ ಮಾತೇ ಕಡಿಮೆ ಮಾಡಿಕೊಂಡವನು. "ಟಾಕೀಸಿಂದು ನೋಡಿ. ಇನ್ನಾ ಕಾಲು ಗಂಟೆ ಆಯ್ತದೆ ಎದ್ದೇಳಾಕೆ." ಹಾಗೆಂದು ಹೇಳಿ, ಕೇಳದೆಯೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

ನಿಂತ ಯಂತ್ರವನ್ನು ನಿಲ್ಲಿಸಬೇಡಿ ಎನ್ನುವುದು ಹೇಗೆ? ಶಿವಯೋಗಪ್ಪ ಚಾರ್ಟನ್ನು ಸುರುಳಿ ಸುತ್ತಿಕೊಂಡು ಹಿಂದೆ ಹಿಂದೆಯೇ ಡಿಸೈನ್ ರೂಮಿಗೆ ಬಂದ. ಬನಶಂಕರಿ ಎದ್ದು ಬಾಗಿಲ ಹೊರಗೆ ನಿಂತಳು.

ಲಕ್ಷ್ಮಣಪ್ಪ ಸ್ಟೂಲು ಹತ್ತಿ ಜಾಲರಿ ಬಿಚ್ಚಿದ. ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಎರಡೇ ಇದ್ದವು. ಆ ಎರಡರ ಬಣ್ಣವೂ ಹೊಸದಾಗಿ ಕಿತ್ತಿತ್ತು. ಇದನ್ನು ಕಡೆಯ ಸಲ ಬಿಚ್ಚಿದ್ದು ಯಾವಾಗ ಎಂದರೆ, ಯುಗಾದಿಗೆ ಧೂಳು ಹೊಡೆದಿದ್ದೇ ಕಡೆ, ಆಗ ನಾಲ್ಕೂ ಇದ್ದವು ಎಂದ ಅವನು.

ಓಬಳೇಶಪ್ಪ ತಾನೇ ಹತ್ತಿ ಟಾರ್ಚು ಬಿಟ್ಟ. ತೋಳಿನಳತೆಯ ದೂರದಲ್ಲಿ, ಡಕ್ಟು ಗೋಡೆ ತೂರುವ ಇಕ್ಕಟ್ಟಿನಲ್ಲಿ ಒಂದು ಗಂಟು ಬಿರಡೆಯ ಹಾಗೆ ಕೂತಿತ್ತು. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿದ ಗಂಟು. ಕೈ ಚಾಚಿ ಎಳೆದ. ಸರಕ್ಕನೆ ಬಂತು.

ಇಳಿಯುವ ಮುಂಚೆ ಇನ್ನೊಂದು ಸಲ ಒಳಗೆ ನೋಡಿದ. ತಗಡಿನ ಮೇಲೆಲ್ಲ ತೆಳುವಾಗಿ ಧೂಳು. ಗಂಟು ಇದ್ದ ಕಡೆ ಧೂಳಿಲ್ಲ, ಅದು ಸರಿ. ಆದರೆ ಈಚೆಗೆ, ಜಾಲರಿಯ ಹತ್ತಿರವೇ, ಒಂದು ನೋಟ್‌ಬುಕ್ಕಿನಗಲ ಚೌಕವಾಗಿ ತಗಡು ಹೊಳೆಯುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಅವನಿಗೆ ಅರ್ಥವಾಗಲಿಲ್ಲ. ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಇಳಿದ.

ಗಂಟು ಬಿಚ್ಚಿದರು. ಸೆರಗಿನ ರಟ್ಟುಗಳು, ಒಂದೂ ಹರಿಯದೆ, ಮಡಿಕೆ ಮಡಿಕೆಯಾಗಿ ಇದ್ದವು. ಗೋಡೆಯ ಆಚೆ ಗಾಳಿ ಇನ್ನೂ ಬಂದಿರಲಿಲ್ಲ, ಆದರೂ ಪಡುವಣದ ಸಾಲಿನವರು ಕೇಕೆ ಹಾಕಿದ್ದು ಕೇಳಿಸಿತು. ಶಿವಯೋಗಪ್ಪನ ಮುಖದ ಮೇಲೆ ಬೆವರು ಆ ಚಳಿಯಲ್ಲೂ ಹಾಗೇ ನಿಂತಿತ್ತು. ಮಾಲು ಸಿಕ್ಕಿತಲ್ಲ, ಮಿಲ್ಲಿಗೆ ಒಪ್ಪಿಸಿಬಿಡಿ ಎಂದ. ಓಬಳೇಶಪ್ಪ ಒಪ್ಪದೆ ಅಲ್ಲೇ ಪಂಚನಾಮೆ ಬರೆಸಿ, ಅರಗು ಹಾಕಿಸಿ ಗಂಟನ್ನು ಸ್ಟೇಷನ್ನಿಗೆ ಕಳಿಸಿದ.

ರಟ್ಟು ಮಿಲ್ಲಿನಿಂದ ಹೊರಗೇ ಹೋಗಿಲ್ಲ. ಬೆಂಗಳೂರೂ ಸುಳ್ಳು, ಮಾರಿದ್ದೂ ಸುಳ್ಳು. ಅದನ್ನು ಅಲ್ಲಿ ತುರುಕಿದವರು ಯಾರೋ ಆಮೇಲೆ ನೋಡೋಣ, ಮೊದಲು ಆ ಮುದುಕರಿಗೆ ಈ ಸುದ್ದಿ ಮುಟ್ಟಿಸಬೇಕು ಎಂದು ಅವನ ಜೀವ ಹಾತೊರೆಯಿತು. ಊಟ ಕೂಡ ಮಾಡದೆ ಆದಿನಾರಾಯಣನನ್ನು ಜೀಪಿಗೆ ಹತ್ತಿಸಿದ.

ಮಡಕಶಿರಾ ದಾಟಿದ ಮೇಲೆ ಬಯಲು ಶುರುವಾಯಿತು. ಆದಿನಾರಾಯಣ ಚಿಲಮತ್ತೂರಿನ ರೈತರ ಮನೆಯವನು, ದಾರಿಯುದ್ದಕ್ಕೂ ಮಣ್ಣಿನ ಬಣ್ಣ ನೋಡಿ ಇಲ್ಲಿ ಕಡಲೆಕಾಯಿ ಹೆಂಗಾಯ್ತದೆ, ಅಲ್ಲಿ ಹೆಂಗಾಯ್ತದೆ ಎಂದು ಹೇಳುತ್ತಲೇ ಇದ್ದ. ಓಬಳೇಶಪ್ಪನಿಗೆ ಒಂದೂ ಕಿವಿಗೆ ಬೀಳಲಿಲ್ಲ. ಅವನು ಆಗಲೇ ಕಲ್ಯಾಣದುರ್ಗದ ನೇಕಾರರ ಬೀದಿಯಲ್ಲಿದ್ದ.

ಆ ಬೀದಿಗೆ ಎ.ಸಿ. ಬೇಕಿರಲಿಲ್ಲ. ಎಂಥ ಬಿಸಿಲಿರಲಿ, ಬೆಳಿಗ್ಗೆ ಎದ್ದವರು ಮೊದಲು ಮಗ್ಗದ ಸುತ್ತ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ನೆಲ ಒಣಗಿದರೆ ಎಳೆ ಹರಿಯುತ್ತದೆ. ಗುಂಡಿ ಮಗ್ಗದಲ್ಲಿ ಸೊಂಟದವರೆಗೆ ಭೂಮಿಯೊಳಗೆ ಕೂತರೆ ಕಾಲಿಗೆ ಮಣ್ಣಿನ ತಂಪು, ತಲೆಗೆ ಸೋಗೆಯ ನೆರಳು. ಹುಡುಗನಾಗಿದ್ದಾಗ ಅವನು ಮಧ್ಯಾಹ್ನದ ಹೊತ್ತು ಗುಂಡಿಯಲ್ಲೇ ನಿದ್ದೆ ಹೋಗಿ ಶಂಕರಯ್ಯನವರ ಕೈಲಿ ಕಿವಿ ಹಿಂಡಿಸಿಕೊಂಡದ್ದು ಎಷ್ಟು ಸಲವೋ. ಯಾರಿಗೆ ಚಳಿ, ಯಾರಿಗೆ ಸೆಕೆ ಎಂಬ ಜಗಳವೇ ಇರಲಿಲ್ಲ. ತಂಪು ಬೇಕಾದವನು ಒಂದು ಚೊಂಬು ನೀರು ಚಿಮುಕಿಸಿಕೊಳ್ಳುತ್ತಿದ್ದ, ಅಷ್ಟೇ. ಆ ಬೀದಿ ಬಿಟ್ಟು ಪೊಲೀಸ್ ಕೆಲಸಕ್ಕೆ ಸೇರಿದ ದಿನ ಶಂಕರಯ್ಯ ಬಯ್ಯಲಿಲ್ಲ, ತಡೆಯಲಿಲ್ಲ. ತಾವು ನೇಯ್ದ ಒಂದು ಪಂಚೆ ಕೊಟ್ಟು ಕಳಿಸಿದರು. ಅದು ಸವೆದು ಹೋಗಿ ಎಷ್ಟೋ ಕಾಲವಾಗಿತ್ತು, ಅವನಿಗೆ ಈಗಲೂ ಅದರ ಅಂಚು ಕಣ್ಣಿಗೆ ಕಟ್ಟಿದಂತಿತ್ತು.

ನಾಲ್ಕೂವರೆಗೆ ಜೀಪು ಬೀದಿಯಲ್ಲಿ ನಿಂತಿತು. ಬೀದಿಯಲ್ಲಿ ಈಗ ಅರ್ಧ ಮನೆಗಳ ಮಗ್ಗ ಸುಮ್ಮನಿದ್ದವು. ಕೈ ಚೆನ್ನಾಗಿ ಓಡುವವರೆಲ್ಲ ಹಿಂದೂಪುರದ ಮಿಲ್ಲುಗಳಿಗೆ ಹೋಗಿದ್ದರು. ಶಂಕರಯ್ಯನವರ ಮನೆಯ ಜಗುಲಿಯ ಮೇಲೆ ಕಾವಲಿನ ಪೇದೆ ತೂಕಡಿಸುತ್ತಿದ್ದ.

ಒಳಗೆ ನೆಲ ಈಗ ತಾನೇ ನೀರು ಚಿಮುಕಿಸಿ ಒದ್ದೆಯಾಗಿತ್ತು. ಆ ವಾಸನೆ ಓಬಳೇಶಪ್ಪನ ಮೂಗಿಗೆ ಬಡಿಯಿತು. ಶಂಕರಯ್ಯ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಹಾಸೇ ಇಲ್ಲದ ಬರೀ ಮಗ್ಗದ ಮುಂದೆ ಕೂತಿದ್ದರು. ದೊಡ್ಡಮ್ಮ, ಅಂದರೆ ಅವರ ಹೆಂಡತಿ, ಒಲೆಯ ಕಡೆಯಿಂದ ಬಂದು ಬಾಗಿಲಲ್ಲಿ ನಿಂತರು. ಖಾಕಿ ಕಂಡು ಅವರ ಕೈ ಸೆರಗಿಗೆ ಹೋಯಿತು.

"ಭಯ ಬೀಳ್ಬ್ಯಾಡ ದೊಡ್ಡಮ್ಮ. ಒಳ್ಳೆ ಸುದ್ದೀನೇ ತಂದಿವ್ನಿ," ಎಂದು ಓಬಳೇಶಪ್ಪ ಚಕ್ಕಳಮಕ್ಕಳ ಹಾಕಿ ಗುಂಡಿಯ ಅಂಚಿಗೆ ಕೂತ. "ರಟ್ಟು ಸಿಕ್ತು ದೊಡ್ಡಪ್ಪ. ಮಿಲ್ಲಲ್ಲೇ ಇತ್ತು. ಇನ್ ಮ್ಯಾಲೆ ನೀವು ಮಾರ್ಕಂಡ್ರಿ ಅಂತ ಯಾವನೂ ಅನ್ನಂಗಿಲ್ಲ."

ನಾಲ್ಕು ಮಗ್ಗದ ಸೆಕೆ, ಡಿಸೈನ್ ರೂಮಿನ ಚಳಿ, ನರಸಕ್ಕನ ಟವಲು, ಬೆವತ ಮ್ಯಾನೇಜರು, ಗಾಳಿಯ ದಾರಿಗೆ ಅಡ್ಡ ಕೂತಿದ್ದ ಗಂಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹೇಳುತ್ತ ಹೇಳುತ್ತ ತಾನೇ ನಕ್ಕ. ಆದಿನಾರಾಯಣನೂ ನಕ್ಕ.

ಶಂಕರಯ್ಯ ನಗಲಿಲ್ಲ.

"ಅದು ಗೋಡೆ ಆಚೆಗೂ ಗಾಳಿ ಹೋಗೋ ದಾರೀನಾ?" ಎಂದರು. "ನಾನು ಅಟ್ಟ ಅಂದ್ಕಂಡೆ ಕಣಪ್ಪ."

ಓಬಳೇಶಪ್ಪನ ನಗು ಅರ್ಧಕ್ಕೆ ನಿಂತಿತು.

ಒಂಬತ್ತು ದಿನ ಹೊಲಿದಂತಿದ್ದ ಬಾಯಿ ತೆರೆಯಿತು. ಹೋದ ವಾರದ ಗುರುವಾರ ಸಂಜೆ ಮ್ಯಾನೇಜರ್ ಬೆಂಗಳೂರಿಗೆ ಹೊರಡುವ ಮುಂಚೆ ಒಂದು ಚೀಟಿ ಕಳಿಸಿದ್ದನಂತೆ. ನಾಳೆ ಸೂರತ್ತಿನ ಒಬ್ಬ ಪಾರ್ಟಿ ಬರುತ್ತಾನೆ, ಸೆರಗಿನ ರಟ್ಟು ಅವನ ಕೈಗೆ ಕೊಡಿ ಎಂದು ಬರೆದು ಸಹಿ ಹಾಕಿದ್ದನಂತೆ. ಸಾಹುಕಾರರು ಕಾಶಿಯಲ್ಲಿ. ಮೇಲಿನವರ ಮಾತು ಮೀರುವಂತಿಲ್ಲ, ಡಿಸೈನು ಪರರ ಕೈಗೆ ಕೊಡುವಂತೆಯೂ ಇಲ್ಲ. ನೇಕಾರರ ಮನೆಗಳಲ್ಲಿ ಹೊರಗಿನವರು ಬಂದು ಡಿಸೈನು ಕೇಳಿದರೆ ಯಾರೂ ಕೊಡುವುದಿಲ್ಲವೆಂದು ಜಗಳಾಡುವುದಿಲ್ಲ. ಅದನ್ನು ಅಟ್ಟಕ್ಕೆ ಏರಿಸಿ, ಇಲ್ಲೆಲ್ಲೋ ಇತ್ತು, ಕಾಣುತ್ತಿಲ್ಲ ಎಂದು ಹೇಳಿ ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಓಬಳೇಶಪ್ಪನಿಗೂ ಆ ಪದ್ಧತಿ ಗೊತ್ತಿತ್ತು. ಆ ಮಿಲ್ಲಿನಲ್ಲಿ ಕಿಟಕಿಯಿಲ್ಲ, ಗೋಡೆಯಲ್ಲಿ ಗೂಡಿಲ್ಲ. ಅಟ್ಟದ ಹಾಗೆ ಕಂಡದ್ದು ಆ ತಗಡಿನ ಪೆಟ್ಟಿಗೆಯೊಂದೇ.

ಸಾಹುಕಾರರು ಬಂದ ಮೇಲೆ ಇಳಿಸಿ ಅವರ ಕಾಲ ಹತ್ತಿರ ಇಡೋಣವೆಂದಿದ್ದರು. ಅಷ್ಟರಲ್ಲಿ ಕಳುವಿನ ದೂರೇ ಬಂತು. ಬಾಯಿ ಬಿಟ್ಟರೆ ರಟ್ಟು ಮ್ಯಾನೇಜರ್ ಕೈಗೆ ಹೋಗಿ ಸೂರತ್ತು ಸೇರುತ್ತದೆ. ಬುಧವಾರದವರೆಗೆ ಜೈಲಾದರೆ ಜೈಲು ಎಂದು ಸುಮ್ಮನಾದರು.

"ನಾಲ್ಕು ಮಗ್ಗದೋರು ಒಂಬತ್ತು ದಿನ ಬೆಂದ್ರಲ್ಲಾ," ಎಂದರು. ಅವರಿಗೆ ಜೈಲಿಗಿಂತ ಅದೇ ಹೆಚ್ಚು ಸಂಕಟವಾದಂತಿತ್ತು. "ಹೋಗ್ಲಿ, ಚೀಟಿ ನೋಡ್ದಲ್ಲಾ ನೀನು. ಅದ್ರಲ್ಲಿ ಎಲ್ಲಾ ಐತೆ."

"ಯಾವ ಚೀಟಿ ದೊಡ್ಡಪ್ಪ? ಗಂಟಲ್ಲಿ ಬರೀ ರಟ್ಟಿತ್ತು."

"ನಾನು ಇಟ್ಟಿದ್ದು ಎರಡು ಕಣಪ್ಪ. ರಟ್ಟಿನ ಗಂಟು ಒಳಗೆ, ನಾನು ಡಿಸೈನು ಬರೆಯೋ ಗ್ರಾಫ್ ಪುಸ್ತಕ ಈಚೆಗೆ. ಚೀಟಿ ಪುಸ್ತಕದೊಳಗೈತೆ."

ಓಬಳೇಶಪ್ಪನಿಗೆ ಧೂಳಿಲ್ಲದ ಆ ಚೌಕ ಕಣ್ಣ ಮುಂದೆ ಬಂತು. ಯಾರೋ ತನಗಿಂತ ಮೊದಲೇ ಅಲ್ಲಿ ಕೈ ಹಾಕಿದ್ದಾರೆ. ರಟ್ಟನ್ನು ಮುಟ್ಟದೆ ಪುಸ್ತಕವನ್ನಷ್ಟೇ ಒಯ್ದಿದ್ದಾರೆ. ಆ ಚೀಟಿಯಿಲ್ಲದಿದ್ದರೆ ಈಗ ಕೇಳಿದ್ದು ಏನು? ಬಚ್ಚಿಟ್ಟವನು ನಾನೇ ಎಂದು ಆರೋಪಿ ಪೊಲೀಸರ ಮುಂದೆ ಆಡಿದ ಮಾತು. ಬಿಡಿಸಲು ನೂರು ಕಿಲೋಮೀಟರ್ ಬಂದವನು ತಾನೇ ಕೂತು ಅವರನ್ನು ಕಟ್ಟಿಹಾಕಿದ ಹಾಗಾಯಿತು.

ಇಟ್ಟ ಜಾಗ ಇನ್ಯಾರಿಗೆ ಗೊತ್ತು ಎಂದು ಕೇಳಿದ. ಶಂಕರಯ್ಯ ಮುಖ ತಿರುಗಿಸಿದರು. ಎರಡನೆಯ ಸಲ ಕೇಳಿದ. ಅವರು ಮಗ್ಗದ ಮರವನ್ನು ಸವರುತ್ತ ಕೂತರು. ದೊಡ್ಡಮ್ಮ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದರು.

"ಹೇಳ್ಬುಡಿ ಅಂದ್ರೆ. ಅವ್ನಿಗೆ ಹೇಳ್ದೆ ಇನ್ಯಾರಿಗೆ ಹೇಳ್ತೀರಾ?"

"ನನ್ ಕೈ ಮ್ಯಾಲಕ್ಕೆ ಎಟುಕ್ತಿರ್ಲಿಲ್ಲ," ಎಂದರು ಶಂಕರಯ್ಯ ತುಂಬ ಮೆಲ್ಲಗೆ. "ಸ್ಕ್ರೂ ಬಿಚ್ಚಿ, ಮ್ಯಾಲಕ್ಕೆ ಹತ್ತಿ ಇಟ್ಟೋಳು ಬನಶಂಕರಿ. ಅವ್ಳಿಗೊಬ್ಳಿಗೇ ಗೊತ್ತು."

ಬೆಳಿಗ್ಗೆ ಅವಳು ತಲೆ ತಗ್ಗಿಸಿ ಮೆಷಿನ್ನಿನ ಮುಂದೆ ಕೂತದ್ದು, ಜಾಲರಿ ಬಿಚ್ಚುವಾಗ ಬಾಗಿಲ ಹೊರಗೆ ಹೋಗಿ ನಿಂತದ್ದು ಓಬಳೇಶಪ್ಪನಿಗೆ ನೆನಪಾಯಿತು. ಚಳಿಗೆ ಎಂದುಕೊಂಡಿದ್ದ. ಪುಸ್ತಕ ತೆಗೆದವಳೂ ಅವಳೇ ಇರಬೇಕು. ಅಕ್ಕನಿಗೆ ಏನು ಹೇಳುವುದು ಎಂಬ ಯೋಚನೆ ಮೊದಲು ಬಂತು, ಅದಕ್ಕೆ ಅವನಿಗೇ ನಾಚಿಕೆಯಾಯಿತು.

ಆದಿನಾರಾಯಣ ಮೂಲೆಯಲ್ಲಿ ಕೇಸ್ ಡೈರಿ ಬಿಚ್ಚಿ ಪೆನ್ನು ಹಿಡಿದಿದ್ದ. ಹಳ್ಳಿಯ ಮರ್ಯಾದೆಗೆ ಸಾಹೇಬರು ದೊಡ್ಡಪ್ಪ ದೊಡ್ಡಮ್ಮ ಎನ್ನುತ್ತಿದ್ದಾರೆ ಎಂದೇ ಅವನು ತಿಳಿದಿದ್ದ.

"ಎಂಥಾ ಕೇಸ್ ಸಾರ್. ಆ ಅಮ್ಮಾಯಿ ಹೆಸರೂ ಬರ್ಕಳ್ಳಾ, ಇಲ್ಲಾ ಈ ಮಾತು ಇಲ್ಲೇ ಬಿಡಾನಾ?"

ಬಿಡು ಎಂದರೆ ಮುಗಿಯಿತು. ಇದು ಗೊತ್ತಿರುವವರು ಇಲ್ಲಿ ನಾಲ್ಕೇ ಜನ. ಬರೆದುಕೊಂಡರೆ ಅವಳು ತನ್ನ ಅಕ್ಕನ ಮಗಳೆಂದು ಸೋಮವಾರ ಬೆಳಿಗ್ಗೆಯ ಹೊತ್ತಿಗೆ ಕೇಸು ತನ್ನ ಕೈ ಬಿಡುತ್ತದೆ, ಅದನ್ನು ವಹಿಸಿಕೊಂಡು ಬರುವ ಅಧಿಕಾರಿಗೆ ಈ ಮುದುಕರು ಯಾರೂ ಅಲ್ಲ. ದೊಡ್ಡಮ್ಮ ಅವನ ಮುಖವನ್ನೇ ನೋಡುತ್ತಿದ್ದರು. ಶಂಕರಯ್ಯ ಮಾತ್ರ ನೋಡಲಿಲ್ಲ. ಸುಳ್ಳು ಗಂಟು ಹಾಕಿದ ಎಳೆ ಎಲ್ಲಿ ಬೇಕಾದರೂ ಬಿಚ್ಚಿಕೊಳ್ಳುತ್ತದೆ ಎಂದು ಇದೇ ಗುಂಡಿಯಲ್ಲಿ ಕೂರಿಸಿಕೊಂಡು ಕಿವಿ ಹಿಂಡಿದವರು ಅವರು.

"ಬರ್ಕೋ," ಎಂದ ಓಬಳೇಶಪ್ಪ. "ಮೊದ್ಲು ನನ್ ಹೆಸ್ರು ಬರಿ. ಈ ಮನೇಲಿ ಮಗ್ಗ ಕಲ್ತೋನು, ಬನಶಂಕರಿಗೆ ಸೋದರಮಾವ ಅಂತ ಬರಿ. ಆಮ್ಯಾಲೆ ಅವ್ಳ ಹೆಸ್ರು."